ಹನ್ನೊಂದು ದ್ರಾಕ್ಷಿ

ಬೆಕ್ಕಿಗೆ ಗಂಟೆ ಕಟ್ಟುವವರಾರು ಎಂದು ಕೇಳುತ್ತಾರಲ್ಲ,
ಗಂಟೆ ಇಲ್ಲೇ ಇದೆ, ನನ್ನ ಮೇಜಿನ ಮೇಲೆ.
ಮತ್ರಾದ ಬೋಳುಗುಡ್ಡದ ಬುಡದ ಪ್ರಾಣಿ ಆಸ್ಪತ್ರೆಯಲ್ಲಿ
ಬೆಳಗಿನ ಏಳರಿಂದ ಬಡಿದುಕೊಳ್ಳುತ್ತಿದೆ.
ಈದಿನ ದಿನ ರಜೆ ಬೇಡವೆಂದವಳು ನಾನೊಬ್ಬಳೇ.
ದುಪ್ಪಟ್ಟು ಸಂಬಳ. ಸುಳ್ಳೇಕೆ ಹೇಳಲಿ.

ವಾದಿ ಕಬೀರಿನಿಂದ ಒಬ್ಬರು:
ಹಲ್ವಾ ನೆಕ್ಕಿಬಿಟ್ಟಿದೆ, ಕೇಸರಿ ಹಾಕಿದ್ದು.
ಎಷ್ಟು? ಬೆರಳ ತುದಿಯಷ್ಟು.
ನೀರಿಡಿ, ನೋಡುತ್ತಿರಿ, ವಾಂತಿಯಾದರೆ ಕರೆತನ್ನಿ.
ರೂವಿಯಿಂದ ಒಬ್ಬರು: ಚಾಕೊಲೇಟ್.
ಕಪ್ಪೋ ಬಿಳಿಯೋ? ಕಪ್ಪು.
ಹಾಗಾದರೆ ಚಪ್ಪಲಿ ಹಾಕಿಕೊಳ್ಳಿ, ಈಗಲೇ ಹೊರಡಿ.
ಇನ್ನೊಬ್ಬರಿಗೆ ಅನುಮಾನ:
ಬಟ್ಟಲು ಹಾಲು ಕೊಟ್ಟರೆ ವಿಷ ಇಳಿಯುವುದಿಲ್ಲವೇ?

ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ
ಗಾದೆ ಕೇಳಿಕೊಂಡೇ ಬೆಳೆದವಳು ನಾನು.
ದೊಡ್ಡ ಬೆಕ್ಕುಗಳಿಗೆ ಹಾಲೂ ಅಷ್ಟಾಗಿ ಒಗ್ಗುವುದಿಲ್ಲವೆಂದು
ಡಾಕ್ಟರ್ ಶಮ್ಸಾ ಹೇಳಿದ ದಿನ
ಗಾದೆಯ ಬೆಕ್ಕಿಗೆ ಆಮೇಲೆ ಭೇದಿಯಾಗಿರಬೇಕು ಅನಿಸಿ
ಲೆಡ್ಜರಿನೊಳಗೆ ಮುಖವಿಟ್ಟು ನಕ್ಕಿದ್ದೆ.

ಮಧ್ಯಾಹ್ನ, ದಾರ್ಸೈತಿನಿಂದ, ಒಂದು ಸಣ್ಣ ದನಿ.
ಹಿಂದಿಯಲ್ಲಿ ತಡವರಿಸುತ್ತಿತ್ತು.
ಶಾವಿಗೆ ಪಾಯಸ ಎಂದೊಡನೆ ನನ್ನ ಬಾಯಿಂದ
ಅಯ್ಯೋ ಜಾರಿತು.
ಆ ಕಡೆ ಒಂದು ಕ್ಷಣ ಮೌನ.
ನೀವು ಕನ್ನಡವಾ?
ಹೌದು ಮಗಾ. ಹೆಸರೇನು?
ಮುಫೀದಾ. ನಮ್ಮದು ಗಂಗೊಳ್ಳಿ. ಬೆಕ್ಕಿನ ಹೆಸರು ಲುಬಾನ್.

ಪಾಯಸದಲ್ಲಿ ದ್ರಾಕ್ಷಿ ಇತ್ತಾ?
ಅಮ್ಮ ನನಗೆ ಹನ್ನೊಂದು ಹಾಕಿದ್ದರು,
ಅಣ್ಣನಿಗೂ ಹನ್ನೊಂದು, ಎಣಿಸದಿದ್ದರೆ ಜಗಳ ಆಗ್ತದೆ.
ನಾನು ಒಂಬತ್ತು ತಿಂದೆ.
ಲುಬಾನಿಗೂ ಹಬ್ಬ ಅಲ್ವಾ ಅಂತ...
ಮುಂದೆ ಬರೀ ಬಿಕ್ಕು.

ಎರಡೇ ಎರಡು ಎನ್ನುವಂತಿಲ್ಲ.
ಯಾವ ಬೆಕ್ಕಿನ ಮೂತ್ರಪಿಂಡ ಎಷ್ಟಕ್ಕೆ ಕೈಕೊಡುತ್ತದೋ
ಡಾಕ್ಟರಿಗೂ ತಿಳಿಯದು.
ಕರೆದುಕೊಂಡು ಬಾ ಎಂದೆ, ಆದಷ್ಟು ಮೆಲ್ಲಗೆ.

ಬಂದರು. ತಾಯಿಯ ಬುರ್ಖಾಕ್ಕೆ ಅಂಟಿದ ಹಿಟ್ಟು,
ಹುಡುಗಿಯ ಹೊಸ ಗಾಜಿನ ಬಳೆ, ಅಂಗೈ ತುಂಬ ಮೆಹಂದಿ.
ಬುಟ್ಟಿಯೊಳಗೆ ಲುಬಾನ್,
ಯಾರ ಮೇಲೂ ಮುನಿಸಿಲ್ಲದ, ಎಲ್ಲರ ಮೇಲೂ ಅಸಡ್ಡೆಯ ಮುಖ.
ಕಾಲಿನ ಕೂದಲು ಬೋಳಿಸಿ ಡ್ರಿಪ್ ಹಾಕಿದಾಗ
ಚೀರಿದ್ದು ಮುಫೀದಾ.

ಬೆಕ್ಕಿನ ನಾಲಿಗೆಗೆ ಸಿಹಿ ಗೊತ್ತೇ ಆಗುವುದಿಲ್ಲ,
ಡಾಕ್ಟರ್ ಹೇಳಿದರು, ನಾನು ಕನ್ನಡಕ್ಕೆ ತಿರುಗಿಸಿದೆ.
ಹುಡುಗಿ ನಂಬಲಿಲ್ಲ.
ಹಾಗಾದರೆ ಬಟ್ಟಲು ಯಾಕೆ ನೆಕ್ಕಿದ?
ತುಪ್ಪಕ್ಕಿರಬಹುದು, ಎಂದೆ.
ನೀನು ಕೊಟ್ಟೆಯೆಂದಿರಬಹುದು
ಎಂಬುದನ್ನು ತಿರುಗಿಸಲು ಡಾಕ್ಟರ್ ಹೇಳಿರಲಿಲ್ಲ,
ಹೇಳದೆ ಬಿಟ್ಟೆ.

ಅಷ್ಟರಲ್ಲಿ ತಾಯಿಯ ಫೋನು.
ಅಣ್ಣ ಸೋಫಾ ಎಳೆದು ನೋಡಿದ್ದಾನೆ.
ಅದರಡಿ, ಧೂಳು ಮೆತ್ತಿಕೊಂಡು,
ಉಬ್ಬಿದ, ಹಲ್ಲು ತಾಗದ
ಎರಡು ದ್ರಾಕ್ಷಿ.

ಶಮ್ಸಾ ಹಣೆ ಒತ್ತಿಕೊಂಡು ನಕ್ಕರು.
ಆದರೂ ರಾತ್ರಿಯವರೆಗೆ ಇರಲಿ ಎಂದರು.
ಮುಂದಿನ ಹಬ್ಬಕ್ಕೇನು ಕೊಡಲಿ ಎಂದು ಹುಡುಗಿ.
ಉಪ್ಪು ಹಾಕದೆ ಬೇಯಿಸಿದ ಮೀನು, ಮುಳ್ಳು ತೆಗೆದು, ಒಂದು ತುಂಡು.
ಅಷ್ಟೇನಾ?
ಅದಕ್ಕೆ ಅಷ್ಟೇ ಹಬ್ಬ.

ಎಂಟಕ್ಕೆ ಡ್ರಿಪ್ ತೆಗೆದು, ಬಿಲ್ಲು ಕೊಟ್ಟು, ಹೋದರು.
ರಿಜಿಸ್ಟರಿನಲ್ಲಿ ಕಾರಣ ಎಂಬಲ್ಲಿ ಏನು ಬರೆಯುವುದೋ
ತೋಚದೆ ಗೆರೆ ಎಳೆದೆ.
ಮೇಜಿನ ಮೇಲೆ ಒಂದು ಸ್ಟೀಲ್ ಡಬ್ಬಿ ಬಿಟ್ಟುಹೋಗಿದ್ದರು,
ಪಾಯಸ ಆಗಲೇ ಗಟ್ಟಿಯಾಗಿತ್ತು.

ಬಂದರಿನ ದೀಪಗಳೆದುರು ಬೆಂಚಿನ ಮೇಲೆ ಬಿಚ್ಚಿದೆ.
ಮೀನು ಮಾರ್ಕೆಟ್ಟಿನ ಕಡೆಯಿಂದ ಮೂರು ಬೆಕ್ಕು ಬಂದವು,
ಮೂಸಿದವು. ಇಲ್ಲ ಎಂದೆ,
ಮುಚ್ಚಳವನ್ನೂ ನೆಕ್ಕಲು ಬಿಡಲಿಲ್ಲ.
ಚಮಚದ ತುದಿಯಲ್ಲಿ ಒಂದೊಂದೇ ಹುಡುಕಿ ತಿಂದೆ.

ನನಗೆ ಹದಿನೇಳು ಹಾಕಿದ್ದರು.